ಹೊರಬರಲು ಮಾಡಿದ ದಾರಿ

ದಾರಿಗಳನ್ನು ಸಾಮಾನ್ಯವಾಗಿ ಎಲ್ಲಿಗಾದರೂ ಹೋಗಲೆಂದು ಮಾಡುತ್ತಾರೆ. ಸಂತೆಗೆ, ದೇವಸ್ಥಾನಕ್ಕೆ, ಗದ್ದೆಗೆ, ಬೀಗರ ಮನೆಗೆ. ಕೆನಡಾದ ಪಶ್ಚಿಮ ತುದಿಯಲ್ಲಿ, ವ್ಯಾಂಕೂವರ್ ದ್ವೀಪದ ಹೊರಮಗ್ಗುಲಲ್ಲಿ ಒಂದು ದಾರಿಯಿದೆ. ಅದನ್ನು ಸರಿಮಾಡಿದ್ದು ಸಿಕ್ಕಿಬಿದ್ದವರು ಅಲ್ಲಿಂದ ಹೇಗಾದರೂ ಪಾರಾಗಿ ಬರಲಿ ಎಂದು. ಹಡಗು ಒಡೆದು, ಈಜಿಯೋ ತೇಲಿಯೋ ದಡಕ್ಕೆ ಬಿದ್ದವರು ಕಾಡಿನಲ್ಲಿ ದಿಕ್ಕೆಟ್ಟು ಸಾಯದೆ ಹತ್ತಿರದ ದೀಪಸ್ತಂಭಕ್ಕೋ ಟೆಲಿಫೋನಿಗೋ ಮುಟ್ಟಲಿ ಎಂದು. ಅದೇ ದಾರಿಗೆ ಈಗ ಚಳಿಗಾಲದಲ್ಲೇ ಬುಕಿಂಗ್ ತೆರೆಯುತ್ತದೆ. ಬೇಸಗೆಯ ಒಳ್ಳೆಯ ದಿನಾಂಕಗಳಿಗೆ ಜನ ತಿರುಪತಿಯ ದರ್ಶನದ ಟಿಕೆಟ್ಟಿಗೆ ಮುಗಿಬೀಳುವ ಹಾಗೆ ಮುಗಿಬೀಳುತ್ತಾರೆ. ದುಡ್ಡು ಕಟ್ಟಿ, ಪರವಾನಗಿ ಪಡೆದು, ಅಪಾಯಗಳ ಬಗ್ಗೆ ಉಪನ್ಯಾಸ ಕೇಳಿ, ಬೆನ್ನ ಮೇಲೆ ಮೂಟೆ ಹೊತ್ತು ಒಳಗೆ ಹೋಗುತ್ತಾರೆ.

ವೆಸ್ಟ್ ಕೋಸ್ಟ್ ಟ್ರೇಲ್ ಅಂತ ಅದರ ಹೆಸರು. ಉತ್ತರದಲ್ಲಿ ಬ್ಯಾಮ್‌ಫೀಲ್ಡ್ ಬಳಿಯ ಪಚೀನಾ ಕೊಲ್ಲಿಯಿಂದ ದಕ್ಷಿಣದಲ್ಲಿ ಪೋರ್ಟ್ ರೆನ್‌ಫ್ರೂ ಬಳಿಯ ಗಾರ್ಡನ್ ನದಿಯವರೆಗೆ 75 ಕಿಲೋಮೀಟರ್. ಬೆಂಗಳೂರಿನಿಂದ ತುಮಕೂರು ದಾಟಿ ಇನ್ನೊಂದು ಚೂರು ಮುಂದೆ. ಕಾರಿನಲ್ಲಿ ಹೊರಟರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದುಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್ ಬರಬಹುದಾದ ಈ ದೂರಕ್ಕೆ ಇಲ್ಲಿ ಆರರಿಂದ ಎಂಟು ದಿನ ಬೇಕು ಎನ್ನುತ್ತಾರೆ. ನನ್ನ ಷಡ್ಡಕರು ಇದನ್ನು ಮೊದಲು ಕೇಳಿದಾಗ ನಂಬಲೇ ಇಲ್ಲ. “ಏನ್ ಭಾವ, ದಿನಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ಆಯ್ತು. ನಾನು ಬೆಳಗ್ಗೆ ಕಾಫಿಗೆ ಮುಂಚೆ ಆರು ಮುಗಿಸ್ತೀನಿ” ಎಂದರು. ಅವರು ಕೆನಡಾದ ತಮ್ಮೂರು ಬರ್ನಬಿಯಲ್ಲಿ ಬೆಳಗ್ಗೆ ನಡೆಯುವುದು ಡಾಂಬರು ಹಾಕಿದ ದಾರಿಯಲ್ಲಿ. ಅಲ್ಲಿ ನೂರು ಗಜಕ್ಕೊಂದು ಬೆಂಚು ಇದೆ.

ಕಥೆ ಶುರುವಾಗುವುದು 1906ರ ಜನವರಿ 22ರ ರಾತ್ರಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ವಿಕ್ಟೋರಿಯಾ, ಸಿಯಾಟಲ್ ಕಡೆಗೆ ಹೊರಟಿದ್ದ ವೆಲೆನ್ಸಿಯಾ ಎಂಬ ಹಡಗಿಗೆ ಕೆಟ್ಟ ಹವೆಯಲ್ಲಿ ಹ್ವಾನ್ ಡಿ ಫೂಕಾ ಜಲಸಂಧಿಯ ಬಾಯಿ ಕಾಣದೆ ಹೋಯಿತು. ದಾಟಿ ಮುಂದೆ ಬಂದು ಪಚೀನಾ ಭೂಶಿರದ ಹತ್ತಿರ ಬಂಡೆಗೆ ಬಡಿಯಿತು. ದಡ ಕೂಗಳತೆಯಲ್ಲೇ ಇತ್ತು. ಆದರೆ ಆ ದಡವೆಂದರೆ ನೆಟ್ಟಗೆ ನಿಂತ ಕಲ್ಲುಗೋಡೆ. ಇಳಿಸಿದ ದೋಣಿಗಳು ಮಗುಚಿದವು. ಹಡಗಿನಿಂದ ಹಗ್ಗ ಕಟ್ಟಿದ ಗುಂಡನ್ನು ಮೇಲಕ್ಕೆ ಹಾರಿಸಿದರು. ಹಗ್ಗ ನೆತ್ತಿಯವರೆಗೆ ಹೋಗಿ ಬಿತ್ತು. ಅದನ್ನು ಹಿಡಿದು ಮರಕ್ಕೆ ಕಟ್ಟಲು ಮೇಲೆ ಒಬ್ಬ ಮನುಷ್ಯನೂ ಇರಲಿಲ್ಲ. ಒಂದೂವರೆ ದಿನ ಅಲೆಗಳು ಹಡಗನ್ನು ಹೋಳುಹೋಳಾಗಿ ಒಡೆದವು. ಸಹಾಯಕ್ಕೆ ಬಂದ ಹಡಗುಗಳಿಗೆ ಹತ್ತಿರ ಬರಲಾಗಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಬದುಕಿದವರು 37 ಮಂದಿ, ಅಷ್ಟೂ ಗಂಡಸರು. ಹೆಂಗಸರಲ್ಲಿ, ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ.

ದಡ ಸೇರಿದ ಕೆಲವರಿಗೆ ಕಾಡಿನಲ್ಲಿ ಟೆಲಿಗ್ರಾಫ್ ತಂತಿ ಕಣ್ಣಿಗೆ ಬಿತ್ತು. 1890ರ ಹೊತ್ತಿಗೆ ದೀಪಸ್ತಂಭಗಳಿಗೆಂದು ಎಳೆದಿದ್ದ ತಂತಿ ಅದು. ಅದನ್ನೇ ಅನುಸರಿಸಿ ಒಂದು ಗುಡಿಸಲು ಮುಟ್ಟಿ ಸುದ್ದಿ ಕಳಿಸಿದರು. ಆಮೇಲೆ ಸರಕಾರ ಎದ್ದಿತು. ಪಚೀನಾದಲ್ಲಿ ದೀಪಸ್ತಂಭ ಕಟ್ಟಿತು. ಅದು 1908ರಲ್ಲಿ ಬೆಳಗಿತು. ತಂತಿಯ ಪಕ್ಕದ ಜಾಡನ್ನು ಕಡಿದು ಅಗಲ ಮಾಡಿ, ಅಲ್ಲಲ್ಲಿ ತಂಗಲು ಗುಡಿಸಲು ಕಟ್ಟಿ ಟೆಲಿಫೋನ್ ಇಟ್ಟಿತು. ವೆಲೆನ್ಸಿಯಾದ ಒಂದು ದೋಣಿ ಮಾತ್ರ ಇಪ್ಪತ್ತೇಳು ವರ್ಷ ಎಲ್ಲೆಲ್ಲಿ ಅಲೆಯಿತೋ, 1933ರಲ್ಲಿ ಪಕ್ಕದ ಬಾರ್ಕ್ಲಿ ಸೌಂಡ್‌ನಲ್ಲಿ ಗಟ್ಟಿಮುಟ್ಟಾಗಿಯೇ ಸಿಕ್ಕಿತು. ಮುಂದೆ ಹಡಗುಗಳಿಗೆ ರೇಡಿಯೊ, ರಾಡಾರ್ ಎಲ್ಲ ಬಂದ ಮೇಲೆ ದಾರಿಯ ಅಗತ್ಯ ಕಳೆಯಿತು. 1950ರ ದಶಕದಲ್ಲಿ ಸರಕಾರ ಕೈಬಿಟ್ಟಿತು, ಕಾಡು ಕೈಹಿಡಿಯಿತು. 1970ರಲ್ಲಿ ಪೆಸಿಫಿಕ್ ರಿಮ್ ರಾಷ್ಟ್ರೀಯ ಉದ್ಯಾನವಾದ ಮೇಲೆ ನಡೆಯುವವರು ಬರತೊಡಗಿದರು. ಅಂದು ಬದುಕಿಗಾಗಿ ಈ ಕೆಸರು ತುಳಿದವರಿಗೆ, ಮುಂದೊಂದು ದಿನ ಜನ ಇದಕ್ಕಾಗಿ ರಜೆ ಹಾಕಿ ಬರುತ್ತಾರೆ ಎಂದು ಹೇಳಿದ್ದರೆ ಏನು ಅನ್ನುತ್ತಿದ್ದರೋ.

ನಮ್ಮ ಮನೆಯಲ್ಲಿ ಏನು ಅಂದರು ಎನ್ನುವುದು ನನಗೆ ಗೊತ್ತು. “ಮಹಡಿ ಮೇಲಿಂದ ಒಣಗಿದ ಬಟ್ಟೆ ತನ್ನಿ ಅಂದ್ರೆ ಮಂಡಿನೋವು ಅಂತೀರಿ. ಅಲ್ಲಿ ನೂರು ಏಣಿ ಹತ್ತೋದಕ್ಕೆ ಮಂಡಿ ಎಲ್ಲಿಂದ ಬರುತ್ತೆ?” ನನ್ನಾಕೆ ಇದನ್ನು ಕೇಳಿದ್ದು ನನ್ನನ್ನಾದರೂ, ಉತ್ತರಕ್ಕಾಗಿ ನೋಡಿದ್ದು ತಂಗಿಯ ಮುಖ. ಅಕ್ಕತಂಗಿಯರಿಬ್ಬರೂ ಸೇರಿ ವಿಕ್ಟೋರಿಯಾದಲ್ಲಿ ಹೋಟೆಲ್ ರೂಮು ಹಿಡಿದು ಹೂತೋಟ ನೋಡುವುದೆಂದು ಗೊತ್ತುಮಾಡಿಕೊಂಡರು. ಹೊರಟದ್ದು ನಾನು, ಷಡ್ಡಕರು, ಅವರ ಮಗಳು. ಈ ಹುಡುಗಿ ಕೆನಡಾದಲ್ಲೇ ಹುಟ್ಟಿದವಳು. ನನ್ನನ್ನು ದೊಡ್ಡಪ್ಪ ಎನ್ನುತ್ತಾಳೆ. ಕನ್ನಡದಲ್ಲಿ ಅವಳಿಗೆ ಚೆನ್ನಾಗಿ ಬರುವುದು ಅಡುಗೆಮನೆಯ ಮಾತು ಮತ್ತು ಅಪ್ಪನನ್ನು ಗದರಿಸುವ ಮಾತು. ನಡಿಗೆಯ ಉದ್ದಕ್ಕೂ ಈ ಎರಡೇ ಸಾಕಾದವು.

ಮೂಟೆಯ ತೂಕ ಮೈತೂಕದ ಕಾಲುಭಾಗ ದಾಟಬಾರದು ಎಂದು ಅವಳ ಕಟ್ಟಪ್ಪಣೆ. ಅಡುಗೆಮನೆಯ ತಕ್ಕಡಿಯನ್ನು ಹಾಲಿಗೆ ತಂದು, ಒಂದೊಂದು ವಸ್ತುವನ್ನೂ ಅದರ ಮೇಲಿಟ್ಟು ವಿಚಾರಣೆ ನಡೆಸಿದಳು. ಮಡಿಸುವ ಕುರ್ಚಿ, ಕೊಡೆ, ದೊಡ್ಡ ಡಬ್ಬಿ ಅಮೃತಾಂಜನ, ಎರಡನೆಯ ಸ್ವೆಟರ್ ಎಲ್ಲ ವಜಾ ಆದವು. ಷಡ್ಡಕರು ಸುಮ್ಮನಿರುವವರಲ್ಲ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಗರಗಸ ಹಾಕಿ ಕತ್ತರಿಸಿ, ಹೀಗೆ ಉಳಿತಾಯವಾದ ಏಳೆಂಟು ಗ್ರಾಮಿನ ಬದಲಿಗೆ ಅರ್ಧ ಕಿಲೋ ಕೊಬ್ಬರಿ ಮಿಠಾಯಿ ತುಂಬಿದರು. ಒಂದು ಒಂಟಿಕೊಪ್ಪಲ್ ಪಂಚಾಂಗವನ್ನೂ ತುರುಕಿದರು. ಮಗಳು ಅದನ್ನು ತೂಗಿ ನೋಡಿ, “ಓಕೆ, ಇದು ಲೈಟು” ಎಂದು ಬಿಟ್ಟಳು. ಅದರಿಂದ ಮುಂದೆ ಆದದ್ದನ್ನು ಆಮೇಲೆ ಹೇಳುತ್ತೇನೆ.

ಊಟದ ವಿಚಾರದಲ್ಲಿ ಮಾತ್ರ ನಮ್ಮದೇ ಮೇಲುಗೈ. ಇಲ್ಲಿನ ಅಂಗಡಿಗಳಲ್ಲಿ ನಡೆಯುವವರಿಗೆಂದು ನೀರಿಂಗಿಸಿದ ಊಟವನ್ನು ಬೆಳ್ಳಿಬಣ್ಣದ ಪೊಟ್ಟಣದಲ್ಲಿ ತುಂಬಿ ಮಾರುತ್ತಾರೆ. ಬಿಸಿನೀರು ಹಾಕಿ ಹತ್ತು ನಿಮಿಷ ಕಾದರೆ ಒಂದು ಕಡೆ ಗಂಜಿ, ಇನ್ನೊಂದು ಕಡೆ ಕಲ್ಲು. ಅದರ ಬೆಲೆಗೆ ಒಂದು ತಿಂಗಳ ಅವಲಕ್ಕಿ ಬರುತ್ತದೆ. ತಣ್ಣೀರಿನಲ್ಲೂ ನೆನೆಯುವ, ಒಲೆ ಬೇಡದ, ಕೈಗೆ ಭಾರವಾಗದ, ಹುಳಿ-ಕಾರ-ಸಿಹಿ ಯಾವುದಕ್ಕೂ ಒಲ್ಲೆ ಎನ್ನದ ಇಂಥ ಇನ್ನೊಂದು ಪದಾರ್ಥವನ್ನು ವಿಜ್ಞಾನಿಗಳು ಇನ್ನೂ ಕಂಡುಹಿಡಿಯಬೇಕು. ಕುಚೇಲ ದ್ವಾರಕೆಗೆ ಕಟ್ಟಿಕೊಂಡು ಹೊರಟದ್ದು ಇದನ್ನೇ. ಕೊನೆಯ ಹಂತ ಅವನದೂ ಕರಾವಳಿಯ ನಡಿಗೆಯೇ ಆಗಿದ್ದಿರಬೇಕು. ದಾರಿಯಲ್ಲಿ ತಾನೇ ತಿಂದು ಮುಗಿಸದೆ ಗೆಳೆಯನಿಗೆಂದು ಹೇಗೆ ಉಳಿಸಿದನೋ! ಭಾಗವತದಲ್ಲಿ ನನಗೆ ನಂಬಲು ಕಷ್ಟವಾಗುವ ಪವಾಡ ಅದೊಂದೇ.

ಕರಡಿಗಳಿಗೂ ಮೂಗಿದೆ. ಹಾಗಾಗಿ ಬಿಡಾರ ಹೂಡುವ ಕಡೆಗಳಲ್ಲಿ ಉಕ್ಕಿನ ಪೆಟ್ಟಿಗೆಗಳನ್ನು ನಿಲ್ಲಿಸಿದ್ದಾರೆ. ರಾತ್ರಿ ಎಲ್ಲರೂ ತಮ್ಮ ತಿಂಡಿತೀರ್ಥ, ಟೂತ್‌ಪೇಸ್ಟು, ಸೋಪು ಎಲ್ಲವನ್ನೂ ಅದರೊಳಗಿಟ್ಟು ಅಗುಳಿ ಹಾಕಬೇಕು. ನಮ್ಮ ಚಟ್ನಿಪುಡಿಯಲ್ಲಿ ಇಂಗು ಧಾರಾಳವಾಗಿತ್ತು. ಮಿಶಿಗನ್ ಹೊಳೆಯ ಬಳಿ ಬೆಳಗ್ಗೆ ಪೆಟ್ಟಿಗೆ ತೆರೆದಾಗ ಅದು ಕಾಡನ್ನು ಬಿಟ್ಟು ನೇರ ದಿನಸಿ ಪೇಟೆಗೆ ಸೇರಿತ್ತು. ಪಕ್ಕದ ಡೇರೆಯ ಯುವಕ ತನ್ನ ಓಟ್ಸನ್ನು ಬಾಯಿಗಿಟ್ಟು, ಒಮ್ಮೆ ಆಕಾಶ ನೋಡಿ, ಮತ್ತೊಂದು ಚಮಚ ತಿಂದು, ಇದು ಚೆನ್ನಾಗಿದೆ ಎಂದು ಹೆಂಡತಿಗೆ ಹೇಳಿದ. ಯಾವ ಕಾರಣಕ್ಕೆ ಎನ್ನುವುದು ಅವನಿಗೆ ತಿಳಿಯಲಿಲ್ಲ, ನಾವೂ ಹೇಳಲಿಲ್ಲ.

ಒಳಗೆ ಬಿಡುವ ಮುಂಚೆ ಉದ್ಯಾನದವರು ಕೂರಿಸಿ ಪಾಠ ಹೇಳುತ್ತಾರೆ. ಜಾರಬೇಡಿ. ಒದ್ದೆ ಹಲಗೆಯನ್ನು ನಂಬಬೇಡಿ. ಡೇರೆಯನ್ನು ಉಬ್ಬರದ ಗೆರೆಗಿಂತ ಮೇಲೆ ಹೂಡಿ, ಬೆಂಕಿಯನ್ನು ಗೆರೆಗಿಂತ ಕೆಳಗೆ ಹಾಕಿ. ಭೂಮಿ ನಡುಗಿದರೆ ಎತ್ತರಕ್ಕೆ ಏರಿ, ಸುನಾಮಿ ಬರಬಹುದು. ಪ್ರತಿ ವರ್ಷವೂ ಎಷ್ಟೋ ಮಂದಿಯನ್ನು ಕಣಕಾಲು ಉಳುಕಿಯೋ ಮೂಳೆ ಮುರಿದೋ ದೋಣಿಯಲ್ಲಿ ಹೊತ್ತು ತರುತ್ತಾರಂತೆ. ಇದನ್ನು ಕೇಳುತ್ತ, ಈ ದಾರಿ ತನ್ನ ಹಳೆಯ ಕಸುಬನ್ನು ಪೂರ್ತಿ ಬಿಟ್ಟಿಲ್ಲ ಅಂದುಕೊಂಡೆ. ಈಗ ಪಾರುಮಾಡಬೇಕಾದವರನ್ನು ಅದೇ ಒಳಗೆ ಕರೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ.

ಪ್ರಾಣಿಗಳ ಪಾಠ ಬಂದಾಗ ಷಡ್ಡಕರು ಮುಂದಿನ ಸಾಲಿಗೆ ಸರಿದರು. ಕರಡಿ ಕಂಡರೆ ಓಡಬಾರದು, ಮೆಲ್ಲನೆ ಮಾತಾಡುತ್ತ ಹಿಂದೆ ಸರಿಯಬೇಕು. ಕೂಗರ್ ಎಂಬ ಬೆಟ್ಟದ ಸಿಂಹ ಕಂಡರೂ ಓಡಬಾರದು, ಕೈ ಮೇಲೆತ್ತಿ ದೊಡ್ಡದಾಗಿ ಕಾಣಿಸಿಕೊಂಡು ಜೋರು ಮಾಡಬೇಕು. ತೋಳವಾದರೂ ಅಷ್ಟೆ. ಒಟ್ಟಿನಲ್ಲಿ ಓಡಬಾರದು. ಹದಿನಾರು ಕಿಲೋ ಬೆನ್ನಿಗೆ ಕಟ್ಟಿಕೊಂಡವರಿಗೆ ಇದನ್ನು ಬೇರೆ ಹೇಳಬೇಕೇ?

“ಕರಡಿ ಹತ್ರ ಕನ್ನಡದಲ್ಲಿ ಮಾತಾಡಿದ್ರೆ ಆಗುತ್ತಾ?” ಎಂದು ಷಡ್ಡಕರು ಮಗಳನ್ನು ಕೇಳಿದರು.

“ಅಪ್ಪಾ, ಭಾಷೆ ಪ್ರಾಬ್ಲಂ ಅಲ್ಲ. ಮೆಲ್ಲಗೆ ಅಂದ್ರಲ್ಲ, ಅದು ಪ್ರಾಬ್ಲಂ.”

ಕರಡಿ ನಮಗೆ ಕಂಡದ್ದು ಒಮ್ಮೆ. ನೀರು ಇಳಿದಿದ್ದ ಹೊತ್ತು. ಅದು ದಡದ ಕಲ್ಲುಗಳನ್ನು ಒಂದೊಂದಾಗಿ ಮಗುಚಿ ಕೆಳಗಿನ ಏಡಿಗಳನ್ನು ಆರಿಸಿ ತಿನ್ನುತ್ತಿತ್ತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಷಡ್ಡಕರು ಅಂದು ಸಂಜೆಯವರೆಗೆ ಮೆಲ್ಲಗೇ ಮಾತಾಡಿದರು.

ಉತ್ತರದಿಂದ ಹೊರಟವರಿಗೆ ಮೊದಲ ಭಾಗ ಸಲೀಸು. ಹತ್ತನೆಯ ಕಿಲೋಮೀಟರಿನ ಪಚೀನಾ ದೀಪಸ್ತಂಭದವರೆಗೆ ದಾರಿ ಅಗಲವಾಗಿದೆ. ಅದಕ್ಕೆ ಮುಂಚೆ ಕಡಲಸಿಂಹಗಳು ಮಲಗುವ ಬಂಡೆಯೊಂದಿದೆ. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಮುಂದೆ ಮಿಶಿಗನ್ ಹೊಳೆ ಕಡಲಿಗೆ ಸೇರುವಲ್ಲಿ 1893ರಲ್ಲಿ ಒಡೆದ ಅದೇ ಹೆಸರಿನ ಹಡಗಿನ ಬಾಯ್ಲರ್ ಇನ್ನೂ ಬಿದ್ದಿದೆ. ಇಲ್ಲಿಂದ ಆಚೆ ಎರಡು ಆಯ್ಕೆ: ಕಾಡಿನೊಳಗಿನ ಕೆಸರು, ಇಲ್ಲವೇ ಕಡಲಂಚಿನ ಮರಳು. ಮರಳು ಎಂದರೆ ಮಲ್ಪೆಯಲ್ಲಿ ಸಂಜೆ ಐಸ್‌ಕ್ರೀಮ್ ತಿನ್ನುತ್ತ ಅಡ್ಡಾಡುವ ಮರಳಲ್ಲ. ಕಾಲಿಟ್ಟಲ್ಲಿ ಕುಸಿಯುತ್ತದೆ, ಎರಡು ಹೆಜ್ಜೆ ಇಟ್ಟರೆ ಒಂದೂವರೆ ಹೆಜ್ಜೆಯ ಲೆಕ್ಕ. ನೀರು ಇಳಿದಾಗ ಅಲೆ ನೆಕ್ಕಿದ ಪಟ್ಟಿಯೊಂದು ಗಟ್ಟಿಯಾಗಿ ಸಿಗುತ್ತದೆ. ಎಲ್ಲರೂ ಅದರ ಮೇಲೆ ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗುತ್ತಾರೆ.

ಮರಳಿನಿಂದ ಕಾಡಿಗೆ ಏರುವ ಜಾಗಗಳನ್ನು ಗುರುತಿಸುವುದು ಹೇಗೆ? ಮರದ ಕೊಂಬೆಗಳಿಗೆ ಮೀನುಬಲೆಯ ತೇಲುಗುಂಡುಗಳನ್ನು ಗೊಂಚಲು ಕಟ್ಟಿ ನೇತುಹಾಕಿದ್ದಾರೆ. ಕೆಂಪು, ಹಳದಿ, ಬಿಳಿ. ಕಡಲು ಎಲ್ಲಿಂದಲೋ ತಂದು ಎಸೆದದ್ದನ್ನೇ ಹೆಕ್ಕಿ ಮಾಡಿದ ಗುರುತು. ಸರಕಾರಿ ಫಲಕಕ್ಕಿಂತ ಇದು ಎಷ್ಟೋ ಮೇಲು, ದೂರದಿಂದ ಕಾಣುತ್ತದೆ, ತುಕ್ಕು ಹಿಡಿಯುವುದಿಲ್ಲ, ಯಾರೂ ಅದರ ಮೇಲೆ ತಮ್ಮ ಪ್ರೇಮವನ್ನು ಬರೆದಿಲ್ಲ. ಈ ಕಡಲು ತಂದು ಹಾಕುವ ಸರಕಿಗೆ ಮಿತಿಯಿಲ್ಲ. 1990ರ ಮೇ ತಿಂಗಳಲ್ಲಿ ಹಾನ್ಸಾ ಕ್ಯಾರಿಯರ್ ಎಂಬ ಹಡಗಿನಿಂದ ಬಿರುಗಾಳಿಗೆ ಕೆಲವು ಕಂಟೇನರುಗಳು ನೀರಿಗೆ ಬಿದ್ದವು. ಒಳಗಿದ್ದದ್ದು ನೈಕಿ ಬೂಟುಗಳು, ಸಾವಿರಾರು. ತಿಂಗಳುಗಳ ಮೇಲೆ ಅವು ವ್ಯಾಂಕೂವರ್ ದ್ವೀಪದಿಂದ ಅಮೆರಿಕದ ಓರೆಗನ್ ತನಕ ದಡಕ್ಕೆ ಬರತೊಡಗಿದವು. ಕರ್ಟಿಸ್ ಎಬ್ಸ್‌ಮೈಯರ್ ಎಂಬ ಸಮುದ್ರವಿಜ್ಞಾನಿ ಯಾವ ಬೂಟು ಯಾವಾಗ ಎಲ್ಲಿ ಸಿಕ್ಕಿತು ಎಂದು ಗುರುತು ಹಾಕಿಕೊಂಡು ಕಡಲ ಪ್ರವಾಹದ ಲೆಕ್ಕವನ್ನೇ ತಾಳೆ ನೋಡಿದರು. ಸಾಮಾನ್ಯ ಜನರ ಕಷ್ಟ ಬೇರೆ. ಬೂಟುಗಳನ್ನು ಜೋಡಿ ಮಾಡಿ ಕಟ್ಟಿರಲಿಲ್ಲ. ಒಬ್ಬನಿಗೆ ಹತ್ತನೆಯ ಸೈಜಿನ ಎಡಗಾಲಿನದು, ಇನ್ನೊಬ್ಬನಿಗೆ ಎಂಟರ ಬಲಗಾಲಿನದು. ಕೊನೆಗೆ ಜನ ಒಂದೆಡೆ ಸೇರಿ ಅದಲುಬದಲು ಮಾಡಿಕೊಳ್ಳುವ ಸಂತೆಗಳನ್ನೇ ನಡೆಸಿದರಂತೆ. ಷಡ್ಡಕರು ಈ ಕಥೆ ಕೇಳಿದಂದಿನಿಂದ ಮರಳಿನ ಮೇಲೆ ಕಣ್ಣಿಟ್ಟೇ ನಡೆದರು. ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಬುಟ್ಟಿ ಮತ್ತು ಜಪಾನೀ ಅಕ್ಷರಗಳಿದ್ದ ಒಂದು ಬಾಟಲಿ.

ಜೂನ್ ಕೊನೆಯೆಂದರೆ ನಮ್ಮೂರಿನಲ್ಲಿ ಮಳೆ ಹಿಡಿಯುವ ಕಾಲ, ಇಲ್ಲಿ ಬಿಡುವ ಕಾಲ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುತ್ತದೆ, ಹೆಚ್ಚಿನದೆಲ್ಲ ಚಳಿಗಾಲದಲ್ಲಿ. ಆಗುಂಬೆ ಕಡೆಯವನಾದ ನನಗೆ ಈ ಸಂಖ್ಯೆ ದೊಡ್ಡದೆನಿಸಲಿಲ್ಲ. ಆದರೆ ನಮ್ಮ ಮಳೆಗೆ ಒಂದು ಬೆಚ್ಚನೆಯ ಮನಸ್ಸಿದೆ, ನೆನೆದರೂ ಬಯ್ಯುವುದಿಲ್ಲ. ಇಲ್ಲಿನದು ತಣ್ಣಗಿನ ಸಣ್ಣ ಜಿನುಗು, ಎಲುಬಿನ ತನಕ ವಿಚಾರಿಸಿಕೊಂಡು ಬರುತ್ತದೆ. ಮರಗಳು ಮಾತ್ರ ಈ ಮಳೆ ಕುಡಿದು ಕುಡಿದು ಮಿತಿ ಮೀರಿ ಬೆಳೆದಿವೆ. ಸೀಡರ್, ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್. ನಾಲ್ಕೈದು ಜನ ಕೈಹಿಡಿದು ನಿಂತರೂ ಸುತ್ತು ಸಾಲದ ಕಾಂಡಗಳು. ಕೆಳಗೆ ಬಿದ್ದ ಒಂದು ಮರದ ಮೇಲೆ ಹೊಸದಾಗಿ ಸಾಲು ಮರಗಳು ಹುಟ್ಟಿ, ಅವೂ ಈಗ ಅಜ್ಜಂದಿರಾಗಿವೆ. ನೆಲದಲ್ಲಿ ಬಾಳೆಹಣ್ಣಿನ ಬಣ್ಣದ, ಗೇಣುದ್ದದ ಬಸವನಹುಳುಗಳು ಶಂಖವಿಲ್ಲದೆ ಹರಿದಾಡುತ್ತವೆ. ನಮ್ಮ ವೇಗ ಅವಕ್ಕಿಂತ ಕೊಂಚ ಹೆಚ್ಚು ಎಂಬುದನ್ನು ಮಗಳು ಗಡಿಯಾರ ಹಿಡಿದು ಖಚಿತಪಡಿಸಿದಳು.

ಸುಸಿಯಟ್ ಜಲಪಾತದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಲ್ಲರೂ ಬರೆದಿದ್ದಾರೆ, ಚಿತ್ರಗಳೂ ಇವೆ. ನೇರವಾಗಿ ಕಡಲಂಚಿನ ಮರಳಿಗೆ ಬೀಳುವ ಹೊಳೆ. ಅಲ್ಲಿ ಸಾಕ್ಸ್ ಒಗೆದೆವು.

ಅದರಾಚೆ ಮೂವತ್ತೆರಡನೆಯ ಕಿಲೋಮೀಟರಿನಲ್ಲಿ ದಾರಿ ನಿಂತುಹೋಗುತ್ತದೆ. ನಿಟಿನಾಟ್ ಸರೋವರ ಕಡಲಿಗೆ ಬಾಯಿ ತೆರೆಯುವ ಇಕ್ಕಟ್ಟು ಅದು, ನೀರಿನ ಸೆಳೆತ ವಿಪರೀತ. ದಾಟಿಸಲು ಇಲ್ಲಿನ ಮೂಲನಿವಾಸಿಗಳಾದ ಡಿಟಿಡಾಟ್ ಜನರ ದೋಣಿಯಿದೆ. ಅವರದೇ ಕಟ್ಟೆಯ ಮೇಲೆ ಒಂದು ಊಟದ ಮನೆಯೂ. ಆಗಷ್ಟೇ ನೀರಿನಿಂದೆತ್ತಿದ ಏಡಿಯನ್ನು ಬೇಯಿಸಿ ಕೊಡುತ್ತಾರೆ, ಸಾಲ್ಮನ್ ಮೀನೂ ಉಂಟು. ಕೆಸರಿನಿಂದ ಬಂದವರೆಲ್ಲ ಮಾತಿಲ್ಲದೆ ಏಡಿಯ ಕಾಲು ಮುರಿಯುತ್ತಿದ್ದರು. ಷಡ್ಡಕರು ಸಸ್ಯಾಹಾರಿ. ಅವರಿಗೆ ಸುಟ್ಟ ಆಲೂಗಡ್ಡೆ ಬೆಣ್ಣೆಯೊಡನೆ ಬಂತು. ಅವರು ಅದಕ್ಕೆ ಚಟ್ನಿಪುಡಿ ಉದುರಿಸಿಕೊಂಡು, ಕಣ್ಣು ಮುಚ್ಚಿ, “ಭಾವ, ಮೈಸೂರು ಅರಮನೇಲೂ ಇಂಥದ್ದು ಮಾಡಿರಲಿಕ್ಕಿಲ್ಲ” ಎಂದರು. ಅಡುಗೆಯವರು ಪುಡಿಯನ್ನು ಚಿಟಿಕೆ ತೆಗೆದು ನೋಡಿ, ಮತ್ತೊಂದು ಚಿಟಿಕೆ ತೆಗೆದುಕೊಂಡರು. ನಡೆಯುವವರ ನಡುವೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರವಿಲ್ಲ.

ಅಲ್ಲಿ ಕೂತಾಗ ನನಗೆ ಕೊಂಚ ಇರಿಸುಮುರಿಸಾಯಿತು. ಫೋನಿಗೆ ಸಿಗ್ನಲ್ ಇಲ್ಲ, ರಸ್ತೆ ಇಲ್ಲ, ಆದ್ದರಿಂದ ಜಗತ್ತಿನ ಕೊನೆಗೇ ಬಂದುಬಿಟ್ಟೆವು ಎಂಬ ಜಂಬದಲ್ಲಿ ನಾವಿದ್ದೆವು. ಈ ಅಡುಗೆಯವರು ಬೆಳಗ್ಗೆ ಮನೆಯಿಂದ ದೋಣಿ ಬಿಟ್ಟುಕೊಂಡು ಕೆಲಸಕ್ಕೆ ಬಂದಿದ್ದಾರೆ, ಸಂಜೆ ಊಟಕ್ಕೆ ಮನೆಗೆ ಹೋಗುತ್ತಾರೆ. ಇಕ್ಕಟ್ಟಿನ ಬಾಯಲ್ಲಿರುವ ವೈಯಾಕ್ ಈ ಇಡೀ ಕರಾವಳಿಯ ಬಹು ಹಳೆಯ ಊರುಗಳಲ್ಲೊಂದು. ಹೂ-ಏ-ಆಟ್, ಡಿಟಿಡಾಟ್, ಪಚೀಡಾಟ್ ಜನಾಂಗಗಳ ನೆಲದ ಮೇಲೆ ನಮ್ಮ ಇಡೀ ದಾರಿ ಹಾದುಹೋಗುತ್ತದೆ. ತಂತಿ ಎಳೆಯುವವರಿಗೂ ಹಡಗು ಒಡೆದವರಿಗೂ ಎಷ್ಟೋ ಮುಂಚೆ ಅವರು ಇಲ್ಲಿ ಓಡಾಡುತ್ತಿದ್ದವರು. ಒಂದೇ ಸೀಡರ್ ಮರವನ್ನು ಕೊರೆದು ಮಾಡಿದ ದೋಣಿಗಳಲ್ಲಿ ತಿಮಿಂಗಿಲದ ಬೇಟೆಗೆ ಹೋಗುತ್ತಿದ್ದವರು. ತೊಗಟೆಯನ್ನು ಉದ್ದುದ್ದ ಸುಲಿದುಕೊಂಡ ಗುರುತುಗಳು ಹಳೆಯ ಸೀಡರ್‌ಗಳ ಮೈಮೇಲೆ ಈಗಲೂ ಕಾಣುತ್ತವೆ. ಮರ ಸಾಯದಷ್ಟೇ ಸುಲಿದಿದ್ದಾರೆ. ಏಣಿ ಮುರಿದರೆ, ಹಲಗೆ ಕೊಳೆತರೆ ಸರಿಮಾಡುವವರಲ್ಲೂ ಈ ಮೂರು ಜನಾಂಗಗಳ ಕಾವಲುಗಾರರಿದ್ದಾರೆ. ಅವರಲ್ಲಿ ಒಬ್ಬರು ಬಲವಾದೊಂದು ತೊಲೆಯನ್ನು ಹೆಗಲ ಮೇಲಿಟ್ಟುಕೊಂಡು ನಮ್ಮನ್ನು ದಾಟಿ ಹೋದರು. ಶಿಳ್ಳೆ ಹಾಕಿಕೊಂಡಿದ್ದರು.

ಇಕ್ಕಟ್ಟಿನಿಂದ ಸ್ವಲ್ಪ ಮುಂದೆ ಕ್ಲೋ-ಊಸ್ ಎಂಬಲ್ಲಿನ ಕಥೆ ಬೆಂಗಳೂರಿನವರಿಗೆ ಅರ್ಥವಾಗುವಂಥದ್ದು. ಮೊದಲ ಮಹಾಯುದ್ಧಕ್ಕೆ ತುಸು ಮುಂಚೆ ಇಲ್ಲಿ ವಿಹಾರಧಾಮ ಬರುತ್ತದೆಂದು ಒಂದು ಕಂಪನಿ ಜಾಹೀರಾತು ಹೊರಡಿಸಿ, ಭೂಮಿಯನ್ನು ಸೈಟುಗಳಾಗಿ ತುಂಡು ಮಾಡಿ ಮಾರಿತು. ಜನ ಕೊಂಡರು, ಗಂಟುಮೂಟೆ ಕಟ್ಟಿಕೊಂಡು ಬಂದರು. ರಸ್ತೆ ಇಲ್ಲ, ಹಡಗು ನಿಲ್ಲುವ ಕಟ್ಟೆ ಇಲ್ಲ. ಅಲೆ ಒಪ್ಪಿದ ದಿನ ದೋಣಿಯಲ್ಲಿ ಇಳಿಯಬೇಕು. ಯುದ್ಧ ಬಂತು, ಎಲ್ಲ ಮುಗಿಯಿತು. ಷಡ್ಡಕರು ಪೊದೆಗಳ ಕಡೆ ಬಹಳ ಹೊತ್ತು ನೋಡಿ, “ಖಾತೆ ಆಗಿತ್ತೋ ಇಲ್ವೋ” ಎಂದರು. ಕನಕಪುರ ರಸ್ತೆಯ ಆಚೆ ಎಲ್ಲೋ ಅವರದೂ ಒಂದು ಸೈಟು ಇದೆ. ಅದರ ಪಕ್ಕ ಅರವತ್ತಡಿ ರಸ್ತೆ ಬರುವುದಿತ್ತು.

ಇನ್ನು ಪಂಚಾಂಗ. ದಕ್ಷಿಣದ ಭಾಗದಲ್ಲಿ ನಿಮ್ಮ ವೇಳಾಪಟ್ಟಿಯನ್ನು ಬರೆಯುವುದು ಕಡಲು. ಕಾರ್ಮಾನಾ ದೀಪಸ್ತಂಭ ದಾಟಿದ ಮೇಲೆ ವಾಲ್ಬ್ರನ್ ಹೊಳೆಯವರೆಗೆ ನೀರು ಇಳಿದಾಗ ಚಪ್ಪಟೆ ಕಲ್ಲಿನ ಹಾಸು ತೆರೆದುಕೊಳ್ಳುತ್ತದೆ; ಉಬ್ಬರದಲ್ಲಿ ಅದೇ ಜಾಗ ನೊರೆ. ಕೊನೆಗೆ ಓವನ್ ಪಾಯಿಂಟ್‌ನ ಗುಹೆಗಳನ್ನು ಹಾಯಬೇಕಾದರೆ ನೀರು 1.8 ಮೀಟರಿಗಿಂತ ಕೆಳಗಿರಬೇಕು. ಎಲ್ಲರ ಕೈಯಲ್ಲೂ ಟೊಫಿನೊ ಊರಿನ ಉಬ್ಬರ-ಇಳಿತದ ಪಟ್ಟಿ. ಅದರಲ್ಲೂ ಒಂದು ತೊಡಕು: ಪಟ್ಟಿಯ ವೇಳೆ ಬೇಸಗೆಯ ಗಡಿಯಾರದ ವೇಳೆಯಲ್ಲ, ಒಂದು ಗಂಟೆ ಕೂಡಿಸಿಕೊಳ್ಳಬೇಕು. ಕೂಡಿಸಲು ಮರೆತವರು ಬಂಡೆಯ ಮೇಲೆ ಕೂತು ಮುಂದಿನ ಇಳಿತಕ್ಕೆ ಕಾಯುತ್ತಾರೆ.

ಷಡ್ಡಕರಿಗೆ ಪಟ್ಟಿ ಬೇಕಿರಲಿಲ್ಲ. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಮ್ಮಿ. ನಮ್ಮ ಕಡೆಯ ಮೀನುಗಾರರಿಗೆ ಇದು ಬಾಯಿಪಾಠ. ಅವರು ಡೇರೆಯೊಳಗೆ ತಲೆದೀಪ ಹಚ್ಚಿಕೊಂಡು ಪಂಚಾಂಗ ತೆಗೆದು, ಭಾರತದ ವೇಳೆಯಿಂದ ಹನ್ನೆರಡೂವರೆ ಗಂಟೆ ಕಳೆದು, ತಿಥಿ ಯಾವಾಗ ಮುಗಿಯುತ್ತದೆಂದು ನೋಡಿ, ನೀರು ಎಷ್ಟು ಇಳಿದೀತೆಂದು ಭವಿಷ್ಯ ನುಡಿಯುತ್ತಿದ್ದರು. ಮಗಳು ಪಟ್ಟಿ ತೆಗೆದು ತಾಳೆ ನೋಡಿದರೆ ಸುಮಾರಾಗಿ ಸರಿಯಾಗಿಯೇ ಇರುತ್ತಿತ್ತು. ಆಗಬೇಕಾದದ್ದೇ, ಇಬ್ಬರಿಗೂ ಇರುವವನು ಒಬ್ಬನೇ ಚಂದ್ರ.

ಜಗಳ ಹುಟ್ಟಿದ್ದು ರಾಹುವಿನಿಂದ. ಕ್ಯಾಂಪರ್ ಹೊಳೆಯ ಬಿಡಾರದಿಂದ ಓವನ್ ಪಾಯಿಂಟಿಗೆ ಹೊರಡಬೇಕಾದದ್ದು ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಎಂದು ಮಗಳು ಲೆಕ್ಕ ಹಾಕಿದ್ದಳು. ಷಡ್ಡಕರು ತಲೆ ಆಡಿಸಿದರು. ಶನಿವಾರ ರಾಹುಕಾಲ ಹಗಲಿನ ಮೂರನೆಯ ಭಾಗ. ಊರಿನಲ್ಲಾದರೆ ಒಂಬತ್ತರಿಂದ ಹತ್ತೂವರೆ. ಆದರೆ ಇಲ್ಲಿ ಜೂನ್ ಕೊನೆಗೆ ಹಗಲು ಹದಿನಾರು ಗಂಟೆ, ಎಂಟು ಭಾಗ ಮಾಡಿದರೆ ಒಂದೊಂದು ಭಾಗವೂ ಎರಡು ಗಂಟೆ. ಸೂರ್ಯ ಹುಟ್ಟುವುದು ಐದೂಕಾಲಕ್ಕೆ. ಹಾಗಾಗಿ ಒಂಬತ್ತೂಕಾಲರಿಂದ ಹನ್ನೊಂದೂಕಾಲರವರೆಗೆ ಹೊರಡುವಂತಿಲ್ಲ. ರಾಹುವಿಗೂ ಈ ದೇಶದಲ್ಲಿ ಓವರ್‌ಟೈಮ್.

“ಅಪ್ಪಾ, ರಾಹು ಕಾಯ್ತಾನೆ. ನೀರು ಕಾಯಲ್ಲ.”

ಷಡ್ಡಕರು ಸ್ವಲ್ಪ ಹೊತ್ತು ಸುಮ್ಮನಿದ್ದು ದಾರಿ ಕಂಡುಹಿಡಿದರು. ಹಿಂದೆಲ್ಲ ಪ್ರಯಾಣದ ವೇಳೆ ಸರಿಯಿಲ್ಲದಿದ್ದರೆ ಒಳ್ಳೆಯ ಮುಹೂರ್ತದಲ್ಲೇ ಗಂಟನ್ನು ಪಕ್ಕದ ಮನೆಯಲ್ಲಿಟ್ಟು ಬರುತ್ತಿದ್ದರು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ, ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ಒಂಬತ್ತಕ್ಕೆ ಅವರು ತಮ್ಮ ಮೂಟೆಯನ್ನು ಹೊತ್ತು ಐವತ್ತು ಹೆಜ್ಜೆ ನಡೆದು, ಪಕ್ಕದ ಡೇರೆಯ ವೃದ್ಧ ದಂಪತಿಯ ಎದುರು ಇಳಿಸಿ, ನಗುತ್ತ ಕೈಮುಗಿದು ವಾಪಸ್ ಬಂದು ಕಾಫಿ ಕುಡಿದರು. ಆ ದಂಪತಿ ಮೂಟೆಯನ್ನೂ ನಮ್ಮನ್ನೂ ಸರದಿಯಲ್ಲಿ ನೋಡುತ್ತ ಕೂತಿದ್ದರು. ಒಂಬತ್ತೂವರೆಗೆ ಹೊರಟೆವು. ಗುಹೆಗಳಲ್ಲಿ ಕಾಲು ಒದ್ದೆಯಾಗಲಿಲ್ಲ.

ಏಣಿಗಳ ಬಗ್ಗೆ ಹೇಳದಿದ್ದರೆ ನನ್ನಾಕೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಲೋಗನ್, ಕಲೈಟ್ ಹೊಳೆಗಳ ಕಮರಿಗಳಲ್ಲಿ ಮರದ ಏಣಿಗಳನ್ನು ಒಂದರ ತುದಿಗೆ ಒಂದು ಜೋಡಿಸಿ ನಿಲ್ಲಿಸಿದ್ದಾರೆ. ಇಡೀ ದಾರಿಯಲ್ಲಿ ನೂರಕ್ಕೂ ಹೆಚ್ಚು. ಹತ್ತುವಾಗ ಬೆನ್ನ ಮೂಟೆ ಹಿಂದಕ್ಕೆ ಎಳೆಯುತ್ತದೆ, ಇಳಿಯುವಾಗ ಮೆಟ್ಟಿಲು ಎಲ್ಲಿದೆ ಎಂದು ಕಾಲು ಗಾಳಿಯಲ್ಲಿ ವಿಚಾರಿಸುತ್ತದೆ. ಕೆಳಗೆ ನೋಡಬೇಡಿ ಎನ್ನುತ್ತಾರೆ. ಮೇಲೆ ನೋಡಿದರೆ ಷಡ್ಡಕರ ಬೂಟು, ಅದರಿಂದ ಉದುರುವ ಕೆಸರು. ನನ್ನ ಮಂಡಿ ಈ ಏಣಿಗಳನ್ನು ದೂರಿಲ್ಲದೆ ಹತ್ತಿತು. ಮಹಡಿಯ ಮೆಟ್ಟಿಲಿನ ಮೇಲಷ್ಟೇ ಅದಕ್ಕೆ ಸಿಟ್ಟು ಎಂದು ಕಾಣುತ್ತದೆ. ಕೆಲವು ಹೊಳೆಗಳಿಗೆ ಅಡ್ಡಲಾಗಿ ಉಕ್ಕಿನ ಹಗ್ಗ ಕಟ್ಟಿ ಇಬ್ಬರು ಕೂರುವಷ್ಟು ತೊಟ್ಟಿಲು ಬಿಟ್ಟಿದ್ದಾರೆ. ಅರ್ಧದವರೆಗೆ ಅದು ಸುಯ್ಯೆಂದು ತಾನೇ ಜಾರುತ್ತದೆ, ಉಳಿದರ್ಧಕ್ಕೆ ನಾವೇ ಹಗ್ಗ ಜಗ್ಗಬೇಕು. ಮೊದಲರ್ಧ ಷಡ್ಡಕರು ಹಾಡುತ್ತಿದ್ದರು, ಎರಡನೆಯರ್ಧ ನಾನು ಜಗ್ಗುತ್ತಿದ್ದೆ.

ದಕ್ಷಿಣದ ತುದಿಯಲ್ಲಿ ಗಾರ್ಡನ್ ನದಿ. ಆಚೆ ದಡದಿಂದ ದೋಣಿ ಬಂದು ಕರೆದುಕೊಂಡು ಹೋಗಬೇಕು. ಅದೇ ದೋಣಿ ಬರುವಾಗ ದಕ್ಷಿಣದಿಂದ ಹೊರಡುವವರನ್ನು ತಂದು ಇಳಿಸುತ್ತದೆ. ನಾವು ಮೊಣಕಾಲಿನವರೆಗೆ ಕೆಸರಿನ ಲೇಪ ಹಚ್ಚಿಕೊಂಡು ಕಲ್ಲುಗಳ ಮೇಲೆ ಕೂತಿದ್ದೆವು. ದೋಣಿಯಿಂದ ಐದಾರು ಹುಡುಗರು ಇಳಿದರು. ಹೊಸ ಬೂಟು, ಇಸ್ತ್ರಿ ಮುರಿಯದ ಪ್ಯಾಂಟು, ಬೆನ್ನ ಮೇಲೆ ಮಡಿಸುವ ಕುರ್ಚಿ. ಅವರಿಗೆ ಮೊದಲು ಸಿಗುವುದೇ ದಾರಿಯ ಅತಿ ಕಷ್ಟದ ಭಾಗ. ಒಬ್ಬ ಷಡ್ಡಕರ ಕಾಲುಗಳನ್ನೇ ನೋಡುತ್ತ ಕೇಳಿದ, ಕೆಸರು ತುಂಬಾ ಇದೆಯೇ ಎಂದು.

ಷಡ್ಡಕರು ಹಸನ್ಮುಖರಾಗಿ, ಅಷ್ಟೇನೂ ಇಲ್ಲ, ಆರಾಮಾಗಿ ಹೋಗಿಬನ್ನಿ ಎಂದರು.

ಹುಡುಗರು ಮೊದಲ ಏಣಿಯತ್ತ ಹೋದರು. ದೋಣಿ ಹೊರಟಿತು. ಮಗಳು ಅಪ್ಪನನ್ನು ದುರುಗುಟ್ಟಿ ನೋಡಿದಳು. ನಾನೂ ಯಾಕ್ರೀ ಹಾಗಂದ್ರಿ ಎಂದು ಕೇಳಿದೆ.

“ಪಚೀನಾದಲ್ಲಿ ನಮಗೆ ಹೇಳಿದೋರೂ ಹಾಗೇ ಹೇಳಿದ್ರಲ್ಲ ಭಾವ. ಒಂದು ಪದ್ಧತಿ ಅಂತ ಇರುತ್ತೆ” ಎಂದು ಅವರು ಬೂಟಿನ ದಾರ ಬಿಚ್ಚತೊಡಗಿದರು.